ಡಯಾಲಿಸಿಸ್ ರೂಮಲ್ಲಿ ನಾನು ಕೇಳುವ ಪ್ರಶ್ನೆಗಳು

ನಾನು ಉಡುಪಿಯಲ್ಲಿ ಡಯಾಲಿಸಿಸ್ ಟೆಕ್ನೀಶಿಯನ್, ಅಂದ್ರೆ ಕಿಡ್ನಿ ಕೆಲ್ಸ ಮಾಡದವ್ರ ರಕ್ತವನ್ನ ಮಿಷನಲ್ಲಿ ಶುದ್ಧ ಮಾಡುವ ಕೆಲ್ಸ. ಶುರುವಿಗೆ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ, ವೇಯ್ಟ್ ನೋಡುದು, ಬಿಪಿ ನೋಡುದು, ಸೂಜಿ ಹಾಕಿ 4 ಗಂಟೆ ಮಿಷನ್ ಓಡಿಸುದು.

ಮಲ್ಪೆ ಕಡೆಯ ಒಬ್ರು ಅಮ್ಮ ವಾರಕ್ಕೆ 3 ಸಲ ತಪ್ಪದೆ ಬರ್ತಿದ್ರು. ಮೈಯೆಲ್ಲ ತುರಿಕೆ, ಎಣ್ಣೆ ಹಚ್ಚಿ ಹಚ್ಚಿ ಸಾಕಾಗಿತ್ತು ಅವ್ರಿಗೆ, ಮೇಲಿಂದ ಸೊಂಟ ನೋವು. "ಮೀನಿನ ಅಲರ್ಜಿಯಾ ಎಂತದಾ ಮಗಾ" ಅಂತ ಕೇಳ್ತಿದ್ರು, ನಾನೂ ಹೂಂ ಅಂತ ಬಿಟ್ಟೆ, ಅದು ನನ್ನ ತಪ್ಪು. ಬ್ಲಡ್ ಟೆಸ್ಟಲ್ಲಿ ಊಟದಿಂದ ಬರುವ ಫಾಸ್ಫರಸ್ ಅನ್ನುವ ಖನಿಜ ಮೇಲೆ, ಪ್ಯಾರಾಥೈರಾಯ್ಡ್ ಹಾರ್ಮೋನೂ ಮೇಲೆ. ಡಾಕ್ಟ್ರು ಕೂರಿಸಿ ಹೇಳಿದ್ರು, ಕಿಡ್ನಿ ಹೋದ್ರೆ ಫಾಸ್ಫರಸ್ ಹೊರಗೆ ಹೋಗುದಿಲ್ಲ, ವಿಟಮಿನ್ ಡಿ ಆಕ್ಟಿವ್ ಆಗುದು ಕಮ್ಮಿ, ಅದಿಲ್ಲದೆ ಕರುಳು ಕ್ಯಾಲ್ಸಿಯಂ ಸರಿ ಹೀರುದಿಲ್ಲ, ಆಗ ಕುತ್ತಿಗೆಯಲ್ಲಿರುವ 4 ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳು ಆ ಹಾರ್ಮೋನ್ ಜಾಸ್ತಿ ಬಿಟ್ಟು ಎಲುಬಿನಿಂದ ಕ್ಯಾಲ್ಸಿಯಂ ಎಳೀಲಿಕ್ಕೆ ಶುರು ಮಾಡ್ತವೆ, ತುರಿಕೆಗೂ ಸೊಂಟ ನೋವಿಗೂ ಇದೇ ಕಾರಣ ಇರ್ಬಹುದು ಅಂತ. ಕಿಡ್ನಿ, ಕರುಳು, ಕುತ್ತಿಗೆ, ಎಲುಬು, ಚರ್ಮ ಎಲ್ಲ ಒಂದೇ ಬಲೆ ಅಂತ ಅವತ್ತು ನಂಗೆ ಗೊತ್ತಾದದ್ದು.

ಆಮೇಲೆ ನಾನೊಂದು ಅಭ್ಯಾಸ ಮಾಡ್ಕೊಂಡೆ. ಮಿಷನ್‌ಗೆ ಹಾಕುವ ಮೊದ್ಲು ಬೇರೆ ಅಂಗಗಳದ್ದೇ ಕೇಳುದು. ರಾತ್ರಿ ಎಷ್ಟು ದಿಂಬು ಇಟ್ಟು ಮಲಗಿದ್ರಿ? ಒಣಮೀನು ಉಪ್ಪಿನಕಾಯಿ ತಿಂದ್ರೆ ಬಾಯಾರಿಕೆ, ಗಂಜಿ ತಿಳಿ ಕುಡಿದದ್ದು ನೀರಿನ ಲೆಕ್ಕಕ್ಕೇ ಬರ್ಲಿಲ್ಲ ಅಂದ್ರೆ ಕಿಡ್ನಿ ಹೊರಗೆ ಹಾಕದ ಆ ನೀರು ಶ್ವಾಸಕೋಶಕ್ಕೆ ಇಳೀತದೆ, ಮನುಷ್ಯ ಚಪ್ಪಟೆ ಮಲಗ್ಲಿಕ್ಕೆ ಆಗುದಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರಾ? ರಕ್ತ ಮಾಡು ಅಂತ ಎಲುಬಿನ ಮಜ್ಜೆಗೆ ಹೇಳುವ ಎರಿಥ್ರೋಪೊಯಿಟಿನ್ ಹಾರ್ಮೋನ್ ಹೆಚ್ಚಾಗಿ ಬರುದು ಕಿಡ್ನಿಯಿಂದಲೇ, ಅದು ಕಮ್ಮಿ ಆದ್ರೆ ರಕ್ತ ಕಮ್ಮಿ, ಹೃದಯಕ್ಕೆ ದುಡಿತ ಜಾಸ್ತಿ. ಬೊಂಡ, ಅಂದ್ರೆ ಎಳನೀರು ಕುಡಿದ್ರಾ? ಇದನ್ನ ಮಾತ್ರ ನಾನು ಎರಡೆರಡು ಸಲ ಕೇಳ್ತೇನೆ ಮಾರಾಯ್ರೆ, ನಮ್ಮೂರಲ್ಲಿ ಸೆಕೆಗೆ ಬೊಂಡ ಅಂದ್ರೆ ಮದ್ದು ಅಂತ ಲೆಕ್ಕ, ಆದ್ರೆ ಅದ್ರಲ್ಲಿ ಪೊಟ್ಯಾಸಿಯಂ ತುಂಬ ಉಂಟು, ಏರಿದ್ರೆ ಹೃದಯದ ಬಡಿತವೇ ತಪ್ತದೆ, ಕೆಲವರಿಗೆ ಮುನ್ಸೂಚನೆಯೂ ಇರುದಿಲ್ಲ. ಉತ್ತರ ಎಲ್ಲ ಬರ್ದು ಡಾಕ್ಟ್ರಿಗೆ ತೋರಿಸ್ತೇನೆ, ತೀರ್ಮಾನ ಅವ್ರದ್ದು.

ಆ ಅಮ್ಮನ ಹತ್ರ ಊಟದ ಬಗ್ಗೆ ಕೇಳಿದಾಗ ಗೊತ್ತಾಯ್ತು, ಫಾಸ್ಫರಸ್ ಕಮ್ಮಿ ಮಾಡುವ ಮಾತ್ರೆಯನ್ನ ಊಟ ಆಗಿ ಎರಡು ಗಂಟೆ ಬಿಟ್ಟು ನುಂಗ್ತಿದ್ರು. ಅದು ಅನ್ನದ ಒಟ್ಟಿಗೇ ಹೊಟ್ಟೆಗೆ ಹೋದ್ರೆ ಮಾತ್ರ ಊಟದ ಫಾಸ್ಫರಸ್ಸನ್ನ ರಕ್ತಕ್ಕೆ ಸೇರದ ಹಾಗೆ ಹಿಡಿಯುದು. ಈಗ ಬಟ್ಟಲ ಪಕ್ಕದಲ್ಲೇ ಇಟ್ಕೊಳ್ತಾರಂತೆ, ತುರಿಕೆ ತುಂಬ ಕಮ್ಮಿ ಆಗಿದೆ.