ಮುಖಕ್ಕೆ ಕೆಮಿಕಲ್ ಪೀಲ್: ನಾನು ಮಾಡುವ ರೀತಿ

ಪೀಲ್ ಬೇಕು ಅಂತ ಬಂದವರಿಗೆ ಮೊದಲ ಭೇಟಿಯಲ್ಲೇ ನಾನು ಪೀಲ್ ಮಾಡುವುದಿಲ್ಲ. ‘ಮೇಡಂ, ಮದುವೆ ಹತ್ತಿರ ಬಂತು, ಇವತ್ತೇ ಮಾಡಿಬಿಡಿ’ ಅಂತ ಎಷ್ಟೋ ಜನ ಕೇಳುತ್ತಾರೆ. ಆದರೂ ಒಪ್ಪುವುದಿಲ್ಲ. ನಮ್ಮ ಕಂದು ಚರ್ಮಕ್ಕೆ ಸ್ವಲ್ಪ ಪೆಟ್ಟಾದರೂ ವಾಸಿಯಾದ ಜಾಗ ಕಪ್ಪಾಗುತ್ತದೆ. ಮೊಡವೆ ಹೋದರೂ ಅದರ ಕಲೆ ತಿಂಗಳುಗಟ್ಟಲೆ ಉಳಿಯುತ್ತದಲ್ವಾ, ಹಾಗೆ. ಪೀಲ್ ಅಂದರೆ ಆಸಿಡ್ ಹಚ್ಚಿ ಮೇಲಿನ ಪದರವನ್ನು ಬೇಕಂತಲೇ ಉದುರಿಸುವುದು. ತಯಾರಿ ಇಲ್ಲದೆ ಮಾಡಿದರೆ ಇದ್ದ ಕಲೆಯ ಜೊತೆ ಇನ್ನೊಂದು ಕಲೆ ಸೇರುತ್ತದೆ.

ಹಾಗಾಗಿ ಮೊದಲು 2ರಿಂದ 4 ವಾರ ತಯಾರಿ. ಬೆಳಿಗ್ಗೆ, ಮಧ್ಯಾಹ್ನ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಇಲ್ಲದ ಸನ್‌ಸ್ಕ್ರೀನ್. ರಾತ್ರಿ ಕಡಿಮೆ ಪ್ರಮಾಣದ ರೆಟಿನಾಯ್ಡ್ (ವಿಟಮಿನ್ ಎ ಜಾತಿಯ ಔಷಧ) ಕ್ರೀಮ್. ಪೀಲ್‌ಗೆ ಕೆಲವು ದಿನ ಮುಂಚೆ ಅದನ್ನು ನಿಲ್ಲಿಸಬೇಕು. ಆ ವಾರ ಥ್ರೆಡಿಂಗ್, ವ್ಯಾಕ್ಸಿಂಗ್ ಬೇಡ. ಗರ್ಭಿಣಿಯರಾ, ತುಟಿ ಮೇಲೆ ಆಗಾಗ ಜ್ವರಗುಳ್ಳೆ ಏಳುತ್ತದಾ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದಾರಾ ಅಂತಲೂ ಕೇಳಿಕೊಳ್ಳುತ್ತೇನೆ.

ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಹಚ್ಚುವ ಕ್ರೀಮನ್ನೆಲ್ಲ ತರಲು ಹೇಳುತ್ತೇನೆ. ಬ್ಯಾಗಿನಿಂದ ಕೊನೇವರೆಗೂ ಸುರುಳಿ ಸುತ್ತಿ ಹಿಂಡಿದ ಟ್ಯೂಬ್ ಹೊರಬರುತ್ತದೆ. ಕಲೆ ತಿಳಿಮಾಡುವ ಹೈಡ್ರೋಕ್ವಿನೋನ್, ರೆಟಿನಾಯ್ಡ್ ಜಾತಿಯ ಟ್ರೆಟಿನಾಯಿನ್ ಜೊತೆ ಮೊಮೆಟಾಸೋನ್ ಅನ್ನುವ ಸ್ಟಿರಾಯ್ಡ್ ಬೆರೆತಿರುವ ಕ್ರೀಮ್. ಪಕ್ಕದ ಮನೆಯವರು ಹೇಳಿದರು ಅಂತ ವರ್ಷಗಟ್ಟಲೆ ಹಚ್ಚಿರುತ್ತಾರೆ. ಕೆನ್ನೆ ತೆಳ್ಳಗಾಗಿ, ಸಣ್ಣ ಕೆಂಪು ರಕ್ತನಾಳಗಳು ಕಾಣುತ್ತವೆ. ಬಿಸಿಲಿಗೆ ಹೋದರೆ ಉರಿ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇಂಥ ಮುಖಕ್ಕೆ ಪೀಲ್ ಮಾಡಲೇಬಾರದು. ಮೊದಲು ಆ ಕ್ರೀಮ್ ಬಿಡಿಸಬೇಕು, ಅದಕ್ಕೇ ತಿಂಗಳುಗಳು ಬೇಕು.

ಎಣ್ಣೆ ಮುಖ, ಮೊಡವೆ ಇದ್ದವರಿಗೆ ಸ್ಯಾಲಿಸಿಲಿಕ್ ಆಸಿಡ್. ಬೇಗ ಉರಿಯುವ ಚರ್ಮಕ್ಕೆ ಲ್ಯಾಕ್ಟಿಕ್ ಅಥವಾ ಮ್ಯಾಂಡೆಲಿಕ್. ಒರಟುತನ, ಮಂಕು ಬಣ್ಣಕ್ಕೆ ಗ್ಲೈಕಾಲಿಕ್. ಇದರ ಕಣ ತುಂಬಾ ಚಿಕ್ಕದು, ಬೇಗ ಒಳಗಿಳಿಯುತ್ತದೆ. ಅದಕ್ಕೇ ಕಡಿಮೆ ಪ್ರಮಾಣದಿಂದ, 20 ಪರ್ಸೆಂಟ್ ಆಸುಪಾಸಿನಿಂದ ಶುರುಮಾಡುತ್ತೇನೆ.

ಪೀಲ್ ದಿನ ಮುಖ ತೊಳೆಸಿ, ಜಿಡ್ಡು ಒರೆಸಿ, ಕಣ್ಣಿನ ಮೂಲೆ, ಮೂಗಿನ ಪಕ್ಕ, ತುಟಿಯ ಅಂಚಿಗೆ ವ್ಯಾಸಲೀನ್ ಹಚ್ಚುತ್ತೇನೆ. ಅಲ್ಲಿ ಆಸಿಡ್ ನಿಂತರೆ ಸುಡುತ್ತದೆ. ಬ್ರಷ್ ಮೊದಲು ಹಣೆಗೆ, ಆಮೇಲೆ ಕೆನ್ನೆ, ಗಲ್ಲಕ್ಕೆ. ಫ್ಯಾನ್ ಹಾಕಿ ಗಡಿಯಾರ ಇಡುತ್ತೇನೆ. ಆದರೆ ಕಣ್ಣು ಗಡಿಯಾರದ ಮೇಲಲ್ಲ, ಚರ್ಮದ ಮೇಲೆ. ಚುರುಚುರು ಅನ್ನುವುದು ಸಹಜ. ತಿಳಿಗೆಂಪು ಕಂಡರೆ ಸಾಕು, ಅಡುಗೆ ಸೋಡಾ ದ್ರಾವಣ ಹಾಕಿ ಗ್ಲೈಕಾಲಿಕ್ ನಿಲ್ಲಿಸುತ್ತೇನೆ. ಎಲ್ಲಾದರೂ ಬೂದುಬಿಳಿ ಮೂಡುವಂತೆ ಕಂಡರೆ ಸಮಯ ಎಷ್ಟೇ ಉಳಿದಿರಲಿ, ಆ ಕ್ಷಣವೇ ನಿಲ್ಲಿಸಬೇಕು. ಸ್ಯಾಲಿಸಿಲಿಕ್‌ನಲ್ಲಿ ಮಾತ್ರ ಬಿಳಿ ಪುಡಿ ಕಾಣುವುದು ಮಾಮೂಲಿ. ಅದು ಒಣಗಿದ ಆಸಿಡ್, ತೊಳೆದರೆ ಹೋಗುತ್ತದೆ.

ಎರಡು ಮೂರು ದಿನಕ್ಕೆ ಸಣ್ಣಗೆ ಹೊಟ್ಟು ಏಳುತ್ತದೆ. ಉಗುರಿನಲ್ಲಿ ಕೀಳಬಾರದು. ಕಡಲೆಹಿಟ್ಟು, ನಿಂಬೆರಸ, ಸ್ಕ್ರಬ್ ಏನೂ ಬೇಡ. ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಅಷ್ಟೇ. ಮುಂದಿನದು 2-3 ವಾರದ ನಂತರ. ಸಾಮಾನ್ಯವಾಗಿ ನಾಲ್ಕರಿಂದ ಆರು ಸಲ ಬೇಕಾಗುತ್ತದೆ.

‘ಬೆಳ್ಳಗಾಗ್ತೀನಾ?’ ಅಂತ ಹುಡುಗಿಯರು ಮೆಲ್ಲಗೆ ಕೇಳುತ್ತಾರೆ. ‘ಇಲ್ಲಮ್ಮ, ನಿನ್ನ ಬಣ್ಣವೇ ಸಮವಾಗಿ ಕಾಣುತ್ತೆ, ಅಷ್ಟೇ’ ಅನ್ನುತ್ತೇನೆ. ಮೊಡವೆಯ ಆಳವಾದ ಗುಳಿಗಳೂ ಈ ಪೀಲ್‌ನಿಂದ ಹೋಗುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಬಂಗಿನ ಮಾತು ಬೇರೆ. ದಿನವಿಡೀ ಹೊಲದಲ್ಲಿ ದುಡಿಯುವ ಹೆಂಗಸಿಗೆ ಪೀಲ್ ಮಾಡಿ ಬಿಸಿಲಿಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೆ ಟಿಂಟೆಡ್, ಅಂದರೆ ಚರ್ಮದ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಬರೆದುಕೊಟ್ಟು, ತಲೆ ಮೇಲಿನ ಸೆರಗು ಹಣೆ ಮುಚ್ಚುವಂತೆ ಹೊದ್ದುಕೊಳ್ಳಲು ಹೇಳುತ್ತೇನೆ. ರಾತ್ರಿಗೆ ಅಜೆಲಾಯಿಕ್ ಆಸಿಡ್ ಕ್ರೀಮ್. ಬಂಗು ತಿಳಿಯಾಗಲು ಜಾಸ್ತಿ ಸಮಯ ಹಿಡಿಯುತ್ತದೆ, ಖರ್ಚು ಮಾತ್ರ ಪೀಲ್‌ಗಿಂತ ಕಡಿಮೆ.