ಹೆಲಿಕಾಪ್ಟರ್ ಪೈಲಟ್ ಆಗಬೇಕೆ? ಲೈಸೆನ್ಸ್ ನಂತರದ ದಾರಿಯನ್ನೂ ಈಗಲೇ ನೋಡಿಕೊಳ್ಳಿ

ಹೆಲಿಕಾಪ್ಟರ್ ಕಲಿಯಬೇಕೆಂದು ಬರುವ ಹುಡುಗ-ಹುಡುಗಿಯರು, ಅವರ ಮನೆಯವರು ಮೊದಲು ವಿಚಾರಿಸುವುದು ಫೀಸನ್ನು. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಸುಮಾರು 150 ಗಂಟೆ ಹಾರಿದರೆ ಕಮರ್ಷಿಯಲ್ ಲೈಸೆನ್ಸ್ ಕೈಗೆ ಬರುತ್ತದೆ. ಒಳ್ಳೆಯ ಕೆಲಸಗಳಿಗೆ ಸಾವಿರ ಗಂಟೆಯ ಆಸುಪಾಸಿನ ಅನುಭವ ಕೇಳುತ್ತಾರೆ. ನಡುವಿನ ಆ ಗಂಟೆಗಳನ್ನು ಎಲ್ಲಿ, ಯಾರ ದುಡ್ಡಿನಲ್ಲಿ ಹಾರುತ್ತೀರಿ? ಹೆಚ್ಚಿನವರು ಸಿಕ್ಕಿಕೊಳ್ಳುವುದು ಇಲ್ಲೇ.

ಮೊದಲು ದೇಹ, ಆಮೇಲೆ ದುಡ್ಡು

ಯಾವ ಶಾಲೆಗೂ ಮುಂಗಡ ಕಟ್ಟುವ ಮೊದಲು ವೈದ್ಯಕೀಯ ಪರೀಕ್ಷೆ ಮುಗಿಸಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪಟ್ಟಿಯಲ್ಲಿರುವ ವೈದ್ಯರ ಬಳಿ ಕ್ಲಾಸ್ 2, ಅದಾದ ಮೇಲೆ ಕ್ಲಾಸ್ 1. ಕ್ಲಾಸ್ 1 ಪರೀಕ್ಷೆ ನಡೆಸುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಬೆಂಗಳೂರಿನಲ್ಲೇ ಇರುವುದು ಮೈಸೂರು, ಮಂಡ್ಯದವರಿಗೆ ಅನುಕೂಲ. ಬಣ್ಣ ಗುರುತಿಸುವ ತೊಂದರೆ, ಕಿವಿಯ ಸಮಸ್ಯೆ, ರಕ್ತದೊತ್ತಡ ಇವೆಲ್ಲ ಮೊದಲೇ ಗೊತ್ತಾದರೆ ಜಮೀನು ಅಡವಿಡುವ ಮುನ್ನ ಯೋಚಿಸಲು ಅವಕಾಶವಿರುತ್ತದೆ. ಲಕ್ಷಾಂತರ ರೂಪಾಯಿ ಕಟ್ಟಿದ ಮೇಲೆ ಗೊತ್ತಾದರೆ ಆ ಹಣ ವಾಪಸ್ ಬರುವುದು ಕಷ್ಟ.

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ವಾಣಿಜ್ಯ ಓದಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಮೂಲಕ ಈ ಎರಡು ವಿಷಯ ಬರೆದುಕೊಳ್ಳಬಹುದು. ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ 16 ವರ್ಷ, ಕಮರ್ಷಿಯಲ್‌ಗೆ 18 ವರ್ಷ ತುಂಬಿರಬೇಕು.

ನಮ್ಮ ಕಡೆಯವರಿಗೆ ಹೆಸರಿನದ್ದೂ ಒಂದು ತಲೆನೋವು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಅಷ್ಟೇ ಇರುತ್ತದೆ, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೂ ಬಂದಿರುತ್ತದೆ. ಮೂರೂ ಒಂದೇ ರೀತಿ ಇಲ್ಲದಿದ್ದರೆ ಡಿಜಿಸಿಎ ಅರ್ಜಿ ಅಲ್ಲೇ ನಿಲ್ಲಬಹುದು. ಪಿಯುಸಿ ಮುಗಿಯುತ್ತಿದ್ದಂತೆ ಇದನ್ನು ಸರಿಮಾಡಿಸಿಕೊಳ್ಳಿ.

ಥಿಯರಿಯನ್ನು ಮನೆಯಲ್ಲೇ ಮುಗಿಸಿ

ನ್ಯಾವಿಗೇಷನ್, ಹವಾಮಾನ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಪತ್ರಿಕೆಗಳಲ್ಲಿ ಪಾಸಾಗಲು ಶೇ 70 ಅಂಕ ಬೇಕು. ರೇಡಿಯೊ ಸಂವಹನಕ್ಕೆ ಆರ್‌ಟಿಆರ್ ಪರೀಕ್ಷೆ ಬೇರೆ. ಇವನ್ನು ಹಾರಾಟ ಶುರುವಾಗುವ ಮೊದಲೇ ಮುಗಿಸಿದವರಿಗೆ ದುಡ್ಡು ಉಳಿಯುತ್ತದೆ. ಹಾಸ್ಟೆಲ್ ಬಾಡಿಗೆ ಕಟ್ಟಿಕೊಂಡು ಓದುತ್ತಾ ಕೂತರೆ, ನಡುವೆ ಹಾರಾಟ ನಿಂತು ಪಳಗಿದ ಕೈ ಮತ್ತೆ ಹೊಸದಾಗುತ್ತದೆ.

ಓದುವಾಗ ಲೆಕ್ಕಕ್ಕೆ ಮೈಸೂರನ್ನೇ ಹಿಡಿಯಿರಿ. ಊರಿನ ಎತ್ತರ ಸುಮಾರು 2,500 ಅಡಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣಾಂಶ 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದರೆ 26 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿಯಂತೆ 3,120 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ 5,600 ಅಡಿ ದಾಟುತ್ತದೆ. ಅಂದರೆ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ನಿಂತಿದ್ದರೂ ಎಂಜಿನ್‌ಗೆ, ರೋಟರ್‌ಗೆ ಸಿಗುವುದು ಬೆಟ್ಟದ ಮೇಲಿನ ತೆಳುಗಾಳಿ. ಬೆಳಿಗ್ಗೆ ಆರಾಮಾಗಿ ಹೋವರ್ ಮಾಡಿದ (ಗಾಳಿಯಲ್ಲಿ ಒಂದೇ ಕಡೆ ನಿಂತ) ಯಂತ್ರ ಮಧ್ಯಾಹ್ನ ಅದೇ ತೂಕಕ್ಕೆ ತಿಣುಕುವುದು ಇದಕ್ಕೇ.

ಶಾಲೆ ಆರಿಸುವಾಗ

ವಿಮಾನ ಕಲಿಸುವ ಶಾಲೆಗಳು ರಾಜ್ಯದಲ್ಲಿವೆ, ಹೆಲಿಕಾಪ್ಟರ್ ಕಲಿಸುವವು ದೇಶದಲ್ಲೇ ಬೆರಳೆಣಿಕೆಯಷ್ಟು. ಬೆಂಗಳೂರಿನಲ್ಲಿ ಎಚ್‌ಎಎಲ್‌ನ ರೋಟರಿ ವಿಂಗ್ ಅಕಾಡೆಮಿ ಇದೆ. ಹೊಸಬರ ಬ್ಯಾಚ್ ಯಾವಾಗ, ಯಾವ ಹೆಲಿಕಾಪ್ಟರ್ ಮೇಲೆ ಎಂದು ನೇರವಾಗಿ ಕೇಳಿ. ಯಾವುದೇ ಶಾಲೆಯಲ್ಲಾದರೂ ಇಷ್ಟು ಪ್ರಶ್ನೆ ಹಾಕಿ: ಇಂದು ಹಾರುವ ಸ್ಥಿತಿಯಲ್ಲಿರುವ ಯಂತ್ರಗಳೆಷ್ಟು? ಬೋಧಕರೆಷ್ಟು? ಕಳೆದ ಬ್ಯಾಚಿನವರು ಎಷ್ಟು ತಿಂಗಳಲ್ಲಿ ಮುಗಿಸಿದರು? ಪೂರ್ತಿ ಹಣ ಒಂದೇ ಸಲ ಕಟ್ಟಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಂತು ಕೇಳಿ. ಲೆಕ್ಕ ಹಾಕಿದ ಗಂಟೆಗಳ ಮೇಲೆ ಶೇ 10ರಿಂದ 15ರಷ್ಟು ಹಣ ಕೈಯಲ್ಲಿರಲಿ, ಎಲ್ಲರೂ ಕನಿಷ್ಠ ಗಂಟೆಯಲ್ಲೇ ಟೆಸ್ಟಿಗೆ ಸಿದ್ಧರಾಗುವುದಿಲ್ಲ.

ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 150 ಗಂಟೆಗಳಲ್ಲಿ 35 ಗಂಟೆ ಪೈಲಟ್-ಇನ್-ಕಮಾಂಡ್ (ಹಾರಾಟದ ಹೊಣೆ ಹೊತ್ತ ಪೈಲಟ್) ಆಗಿ ಹಾರಿರಬೇಕು. 10 ಗಂಟೆ ಕ್ರಾಸ್-ಕಂಟ್ರಿ, ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಹಾರಾಟ ಇರಬೇಕು, ಅದರಲ್ಲಿ ಎರಡು ಬೇರೆ ಬೇರೆ ಕಡೆ ಇಳಿದು ಹೋಗುವ ಒಂದು ಹಾರಾಟವೂ ಸೇರಬೇಕು. ಅರ್ಜಿ ಹಾಕುವಾಗ ಡಿಜಿಸಿಎಯ ಅಂದಿನ ನಿಯಮದ ಜೊತೆ ಪ್ರತಿಯೊಂದನ್ನೂ ತಾಳೆ ನೋಡಿ.

ಸಾವಿರ ಗಂಟೆಯ ದಾರಿ

ಅಮೆರಿಕದಲ್ಲಿ ಈ ಅಂತರ ತುಂಬುವುದು ಬೋಧನೆಯಿಂದ. ಲೈಸೆನ್ಸ್ ಆದವರು ಬೋಧಕರ ರೇಟಿಂಗ್ ಪಡೆದು, ಕಲಿಸುತ್ತಲೇ ಗಂಟೆ ಕೂಡಿಸುತ್ತಾರೆ. ಆದರೆ ಅಲ್ಲಿ ತರಬೇತಿಗೆ ಬಳಸುವ ಎರಡು ಆಸನದ ಪುಟ್ಟ ಹೆಲಿಕಾಪ್ಟರ್ ರಾಬಿನ್ಸನ್ ಆರ್22 ಮೇಲೆ ಕಲಿಸಲು ಹೆಲಿಕಾಪ್ಟರಿನಲ್ಲಿ 200 ಗಂಟೆ, ಅದರಲ್ಲಿ ಆರ್22ರಲ್ಲೇ 50 ಗಂಟೆ ಆಗಿರಬೇಕು. 150ಕ್ಕೆ ದುಡ್ಡು ಮುಗಿಸಿಕೊಂಡವರು ಅಲ್ಲೇ ನಿಂತುಬಿಡುತ್ತಾರೆ. ಅಲ್ಲಿಗೆ ಹೋಗುವವರು ನಿಮ್ಮ ವೀಸಾ ಬೋಧಕರ ಕೆಲಸಕ್ಕೆ ಅವಕಾಶ ಕೊಡುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ವಾಪಸ್ ಬಂದ ಮೇಲೆ ಇಲ್ಲಿನ ಪರೀಕ್ಷೆ, ವೈದ್ಯಕೀಯ, ಆರ್‌ಟಿಆರ್ ಮುಗಿಸಿ ಲೈಸೆನ್ಸ್ ಪರಿವರ್ತಿಸಿಕೊಳ್ಳಬೇಕು.

ಭಾರತದಲ್ಲಿ ಚಿತ್ರ ಬೇರೆ. ಇಲ್ಲಿನ ನಾಗರಿಕ ಹೆಲಿಕಾಪ್ಟರ್ ಪೈಲಟ್‌ಗಳಲ್ಲಿ ಸೇನೆಯಿಂದ ಬಂದವರೇ ಹೆಚ್ಚು, ಶಾಲೆಗಳೂ ಕಡಿಮೆ. ಆದ್ದರಿಂದ ಇಲ್ಲಿ ಹೊಸದಾಗಿ ಕಮರ್ಷಿಯಲ್ ಲೈಸೆನ್ಸ್ ಪಡೆದವರು ಮೊದಲು ಹುಡುಕಬೇಕಾದದ್ದು ಎರಡು ಪೈಲಟ್‌ಗಳ ಹೆಲಿಕಾಪ್ಟರಿನಲ್ಲಿ ಕೋ-ಪೈಲಟ್ ಸ್ಥಾನ. ಸಾಲವಿಲ್ಲದೆ ಪೈಲಟ್ ಆಗಬೇಕೆಂದರೆ ಸೇನಾಪಡೆಗಳಿಗೆ ಸೇರುವ ಪರೀಕ್ಷೆಗಳಾದ ಎನ್‌ಡಿಎ, ಸಿಡಿಎಸ್, ಎಎಫ್‌ಕ್ಯಾಟ್ ಇವೆ. ವಯಸ್ಸು ಇರುವಾಗ ಈ ಪ್ರಯತ್ನ ಬಿಡಬಾರದು ಎಂದು ಒತ್ತಿ ಹೇಳುತ್ತೇವೆ. ವರ್ಷಗಳ ಸೇವೆ ಕೊಡಬೇಕು ನಿಜ, ಆದರೆ ಅಲ್ಲಿ ಸಿಗುವ ತರಬೇತಿಯನ್ನು ದುಡ್ಡು ಕೊಟ್ಟು ಕೊಳ್ಳಲಾಗದು.

ಕಲಿಸುವವರ ಕೈ

ಬೋಧಕರಾದ ಮೇಲೆ ಹೋವರ್ ಕಲಿಸುವಾಗ ಮೂರು ಕಂಟ್ರೋಲನ್ನೂ ಒಟ್ಟಿಗೆ ಕೊಡಬೇಡಿ. ಮೊದಲು ಪೆಡಲ್ (ಮೂತಿ ತಿರುಗಿಸಲು), ಆಮೇಲೆ ಕಲೆಕ್ಟಿವ್ (ಏರಲು, ಇಳಿಯಲು), ಕೊನೆಗೆ ಸೈಕ್ಲಿಕ್ (ಹಿಂದೆ-ಮುಂದೆ, ಅಕ್ಕಪಕ್ಕ ಸರಿಯಲು). ವಿದ್ಯಾರ್ಥಿಯ ಕಣ್ಣು ಮೂತಿಯ ಮುಂದಿನ ನೆಲದಲ್ಲಿ ನೆಟ್ಟರೆ ಯಂತ್ರ ತೂಗಾಡುತ್ತಲೇ ಇರುತ್ತದೆ, ದೃಷ್ಟಿಯನ್ನು ದೂರಕ್ಕೆ ಎತ್ತಿಸಿ. ಕಂಟ್ರೋಲ್ ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಇಬ್ಬರೂ ಬಾಯಿಬಿಟ್ಟು ಹೇಳಲೇಬೇಕು.

ಆರ್22 ರೋಟರ್ ಹಗುರ. ಎಂಜಿನ್ ನಿಂತರೆ ಕಲೆಕ್ಟಿವ್ ಇಳಿಸಲು ಸಿಗುವುದು ಹೆಚ್ಚೆಂದರೆ ಒಂದು ಸೆಕೆಂಡಿನಷ್ಟು. ರೋಟರ್ ತಿರುಗುವ ವೇಗ (ಆರ್‌ಪಿಎಂ) ಶೇ 97ಕ್ಕೆ ಬಿದ್ದಾಗ ಹಾರ್ನ್ ಹೊಡೆಯುತ್ತದೆ. ಶೇ 80ಕ್ಕೆ ಪ್ರತಿ ಸಾವಿರ ಅಡಿ ಎತ್ತರಕ್ಕೆ ಶೇ 1ರಂತೆ ಸೇರಿಸಿ, ಆ ಮೊತ್ತಕ್ಕಿಂತ ಕೆಳಗೆ ಹೋದರೆ ರೋಟರ್ ಸ್ಟಾಲ್ ಆಗುತ್ತದೆ (ಎತ್ತುವ ಬಲ ಕಳೆದುಕೊಳ್ಳುತ್ತದೆ), ಮತ್ತೆ ಮೇಲೇಳುವುದಿಲ್ಲ. ಆದ್ದರಿಂದ ಆಟೊರೊಟೇಷನ್ (ಎಂಜಿನ್ ಬಲವಿಲ್ಲದೆ ಇಳಿಯುವ) ಅಭ್ಯಾಸಕ್ಕೆ ಮುಂಚೆಯೇ ಹೇಳದೆ ಥ್ರಾಟಲ್ ತೆಗೆಯಬೇಡಿ. ಎತ್ತುವಾಗ ಸ್ಕಿಡ್ (ಹೆಲಿಕಾಪ್ಟರಿನ ಕಾಲಿನ ಪಟ್ಟಿ) ನೆಲಕ್ಕೆ ಅಂಟಿ ಯಂತ್ರ ವಾಲತೊಡಗಿದರೆ ಸೈಕ್ಲಿಕ್ ತಿರುಗಿಸಿ ಸರಿಪಡಿಸಲು ಹೋಗಬಾರದು, ಕಲೆಕ್ಟಿವನ್ನು ನಿಧಾನವಾಗಿ ಇಳಿಸಬೇಕು. ಆಸನವೊಂದಕ್ಕೆ ಮಿತಿ 109 ಕೆಜಿ, ಆಸನದಡಿಯ ಸಾಮಾನೂ ಅದರಲ್ಲೇ ಸೇರಿತು. ವಿದ್ಯಾರ್ಥಿಯ ತೂಕವನ್ನು ಬಾಯಿಮಾತಲ್ಲಿ ಕೇಳಬೇಡಿ, ತಕ್ಕಡಿ ಮೇಲೆ ನಿಲ್ಲಿಸಿ.

ಲಾಗ್‌ಬುಕ್ಕನ್ನು ಅಂದಂದೇ ಬರೆಯಿರಿ. ಹೆಲಿಕಾಪ್ಟರಿನಲ್ಲಿ ಹಾರಾಟದ ಸಮಯ ಎಂದರೆ ಹಾರಲೆಂದು ರೋಟರ್ ತಿರುಗತೊಡಗಿದ ಕ್ಷಣದಿಂದ, ಹಾರಾಟ ಮುಗಿದು ರೋಟರ್ ನಿಂತ ಕ್ಷಣದವರೆಗೆ. ಡ್ಯುಯಲ್ (ಬೋಧಕರ ಜೊತೆ ಕಲಿತ), ಕಮಾಂಡ್, ಕೋ-ಪೈಲಟ್ ಗಂಟೆಗಳು ಆಯಾ ಕಾಲಂನಲ್ಲೇ ಇರಲಿ, ಪುಟ ತುಂಬಿದಾಗ ಮೊತ್ತ ಹಾಕಿ ಬೋಧಕರ ಸಹಿ ಪಡೆಯಿರಿ. ಯಂತ್ರದ ಲಾಗಿಗೂ ನಿಮ್ಮ ಪುಸ್ತಕಕ್ಕೂ ತಾಳೆಯಾಗದ ಅರ್ಧ ಗಂಟೆಯಿದ್ದರೂ ಪರಿಶೀಲನೆಯಲ್ಲಿ ಅದೇ ಮೊದಲು ಸಿಕ್ಕಿಬೀಳುತ್ತದೆ. ಸುಳ್ಳು ಗಂಟೆ ಬರೆದದ್ದು ಸಾಬೀತಾದರೆ ಲೈಸೆನ್ಸೇ ಅಮಾನತಾಗುತ್ತದೆ.