ಎಂಜಿಬಿಗೆ ಹೊಸ ಸ್ಪ್ರಿಂಗ್: ಕೊಳ್ಳುವ ಮುನ್ನ ಅಳೆಯುವುದು ಹೇಗೆ?

1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿ ಸ್ಪೋರ್ಟ್ಸ್ ಕಾರುಗಳು ಹೊರಬಂದವು. ಬಿಡಿಭಾಗಗಳು ಇವತ್ತಿಗೂ ಧಾರಾಳವಾಗಿ ಸಿಗುತ್ತವೆ. ತೊಡಕಿರುವುದೂ ಅಲ್ಲೇ. ಮುಂದಿನ ಕಾಯಿಲ್ ಸ್ಪ್ರಿಂಗ್ ಒಂದಕ್ಕೇ ಹತ್ತಾರು ಆಯ್ಕೆಗಳಿದ್ದು, ಬಹುಪಾಲು ಜನ 'ಸ್ಪೋರ್ಟ್' ಎಂಬ ಚೀಟಿ ನೋಡಿ ಆರಿಸುತ್ತಾರೆ. ನೋಡಬೇಕಾದದ್ದು ಎರಡು ಅಂಕಿಗಳನ್ನು: ಸ್ಪ್ರಿಂಗ್ ಎಷ್ಟು ಗಟ್ಟಿ, ಭಾರ ಬಿದ್ದಾಗ ಅದು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ.

ಮೊದಲು ತಪ್ಪು ಸ್ಪ್ರಿಂಗಿನದ್ದೇ ಎಂದು ಖಚಿತಪಡಿಸಿಕೊಳ್ಳಿ

ಸಮತಟ್ಟಾದ ನೆಲ, ಭರ್ತಿ ಟ್ಯಾಂಕ್, ಸರಿಯಾದ ಗಾಳಿ. ಕಾರನ್ನು ಒಂದೆರಡು ಮೀಟರ್ ಹಿಂದೆ ಮುಂದೆ ಉರುಳಿಸಿ, ನಾಲ್ಕೂ ಮೂಲೆ ಅದುಮಿ ಬಿಡಿ. ಆಮೇಲೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮುಂದಿನ ಬಲಮೂಲೆ ಕುಸಿದಂತೆ ಕಂಡರೆ ಅಲ್ಲಿನ ಸ್ಪ್ರಿಂಗೇ ಸೋತಿದೆ ಎಂದೇನಲ್ಲ. ಹಿಂದಿನ ಕಮಾನು ಪಟ್ಟಿಗಳಲ್ಲಿ (ಲೀಫ್ ಸ್ಪ್ರಿಂಗ್) ಒಂದು ಸೋತರೂ ಇಡೀ ಕಾರು ವಾಲುತ್ತದೆ.   ಖಚಿತಪಡಿಸಿಕೊಳ್ಳಲು ಮುಂದಿನ ಕ್ರಾಸ್‌ಮೆಂಬರಿನ (ಕಾರಿನಡಿಯ ಅಡ್ಡ ತೊಲೆ) ನಟ್ಟನಡುವೆ ಜ್ಯಾಕ್ ಕೊಟ್ಟು ಮುಂದಿನ ಚಕ್ರಗಳನ್ನು ನೆಲದಿಂದ ಬಿಡಿಸಿ. ಈಗ ಮುಂದಿನ ಸ್ಪ್ರಿಂಗ್‌ಗಳ ಮಾತೇ ಇಲ್ಲ. ಆದರೂ ಕಾರಿನ ಹಿಂಭಾಗ ವಾಲಿದ್ದರೆ ದೋಷ ಹಿಂದಿನ ಪಟ್ಟಿಯಲ್ಲಿದೆ.

ಕೆಳಗಿನ ವಿಶ್‌ಬೋನಿನ (ಚಕ್ರವನ್ನು ಹಿಡಿದಿರುವ ಕವಲು ತೋಳು) ಕೀಲುಗಳಲ್ಲಿರುವ ಬುಷ್‌ಗಳನ್ನೂ ನೋಡಿ. ಮೂಲ ರಬ್ಬರ್ ಬುಷ್ ಪುಡಿಯಾಗಿದ್ದರೆ 1973–76ರ ವಿ8 ಮಾದರಿಯ ಬುಷ್ ಹಾಕುವುದು ಒಳ್ಳೆಯ, ಅಗ್ಗದ ಸುಧಾರಣೆ. ಹೊಸ ಸ್ಪ್ರಿಂಗಿಗಿಂತ ಅದೇ ಹೆಚ್ಚು ಫಲ ಕೊಟ್ಟ ಕಾರುಗಳು ಎಷ್ಟೋ.

ಎರಡು ಸ್ಪ್ರಿಂಗ್, ಒಂದು ಲೆಕ್ಕ

ಕ್ರೋಮ್ ಬಂಪರ್ ಇದ್ದ ಮೊದಲಿನ ರೋಡ್‌ಸ್ಟರಿನ (ತೆರೆದ ಮಾದರಿ) ಮೂಲ ಸ್ಪ್ರಿಂಗ್: ತಂತಿ 0.498 ಇಂಚು, ಸುರುಳಿಯ ಸರಾಸರಿ ವ್ಯಾಸ 3.238 ಇಂಚು, ಕೆಲಸ ಮಾಡುವ ಸುತ್ತು 7.5, ಭಾರವಿಲ್ಲದಾಗ ಉದ್ದ 9.9 ಇಂಚು. ಗಟ್ಟಿತನ ಇಂಚಿಗೆ 348 ಪೌಂಡ್. 1,030 ಪೌಂಡ್ ಭಾರದಡಿ ಅದು 7 ಇಂಚಿಗೆ ನಿಲ್ಲಬೇಕು.

ಜಿಟಿ (ಗಟ್ಟಿ ಛಾವಣಿಯ ಮಾದರಿ) ಸ್ಪ್ರಿಂಗ್: ತಂತಿ 0.54 ಇಂಚು, ಸುತ್ತು 7.2, ಉದ್ದ 9.1 ಇಂಚು, ಗಟ್ಟಿತನ 480. ಇದರ ನಿಗದಿತ ಭಾರ 1,193 ಪೌಂಡ್, ಆಗಿನ ಎತ್ತರ 6.6 ಇಂಚು.

ರೋಡ್‌ಸ್ಟರಿಗೆ ಜಿಟಿ ಸ್ಪ್ರಿಂಗ್ ಹಾಕುವುದು ಹಳೆಯ ರೂಢಿ. ಮುಕ್ಕಾಲು ಇಂಚಿಗೂ ಹೆಚ್ಚು ಗಿಡ್ಡವಾಗಿರುವುದರಿಂದ ಕಾರು ಕೆಳಗಿಳಿಯುತ್ತದೆ ಎಂದು ಅನೇಕರ ನಂಬಿಕೆ. ಲೆಕ್ಕ ಹಾಕಿ: 1,030 ಅನ್ನು 480ರಿಂದ ಭಾಗಿಸಿದರೆ ಸುಮಾರು 2.15. 9.1ರಲ್ಲಿ ಅದನ್ನು ಕಳೆದರೆ 6.95 ಇಂಚು. ಮೂಲ ಸ್ಪ್ರಿಂಗ್ ನಿಲ್ಲುತ್ತಿದ್ದದ್ದು 7ಕ್ಕೆ. ಎತ್ತರ ಹೆಚ್ಚುಕಡಿಮೆ ಅದೇ, ಗಟ್ಟಿತನ ಮಾತ್ರ ಶೇ 38 ಹೆಚ್ಚು. ರಸ್ತೆಯಲ್ಲಿ ಓಡಿಸುವ ರೋಡ್‌ಸ್ಟರಿಗೆ ಇದಕ್ಕಿಂತ ಮುಂದೆ ಹೋಗುವ ಅಗತ್ಯ ಕಾಣುವುದಿಲ್ಲ.

ಕೆಳಗಿಳಿಸಲೇಬೇಕೆಂದಿದ್ದರೆ ಇನ್ನೊಂದು ಅಂಶ ಗಮನದಲ್ಲಿರಲಿ. ಎಂಜಿಬಿಯಲ್ಲಿ ಸ್ಪ್ರಿಂಗ್ ಕೂರುವುದು ವಿಶ್‌ಬೋನಿನ ಮಧ್ಯಭಾಗದಲ್ಲಿ. ಚಕ್ರ 1 ಇಂಚು ಏರಿದರೆ ಸ್ಪ್ರಿಂಗ್ ಕುಗ್ಗುವುದು ಸುಮಾರು ಅರ್ಧ ಇಂಚು. ಚಕ್ರದ ಬಳಿ 25 ಮಿ.ಮೀ. ಇಳಿಯಬೇಕಾದರೆ ಸ್ಪ್ರಿಂಗ್ ಭಾರದಡಿ ಸುಮಾರು 12.5 ಮಿ.ಮೀ. ತಗ್ಗಿದರೆ ಸಾಕು. ಗಟ್ಟಿತನಕ್ಕೆ ಈ ಅನುಪಾತದ ವರ್ಗ ಅನ್ವಯಿಸುತ್ತದೆ. ಹಾಗಾಗಿ 348ರ ಸ್ಪ್ರಿಂಗ್ ಚಕ್ರದ ಬಳಿ 87ರಷ್ಟೇ.

ಮಾರುವವರು ಗಟ್ಟಿತನ ಹೇಳದಿದ್ದರೆ ಕ್ಯಾಲಿಪರ್ ತೆಗೆದುಕೊಳ್ಳಿ. ತಂತಿಯ ದಪ್ಪ ನಾಲ್ಕನೇ ಘಾತಕ್ಕೆ ಏರುತ್ತದೆ: 12.5 ಮಿ.ಮೀ. ಇದ್ದದ್ದು 13 ಆದರೆ ಗಟ್ಟಿತನ ಶೇ 17 ಹೆಚ್ಚು. ಬಣ್ಣದ ಪದರ ಸೇರಿಸಿ ಅಳೆದರೆ ಲೆಕ್ಕವೆಲ್ಲ ಎಕ್ಕುಟ್ಟಿಹೋಗುತ್ತದೆ. ಭಾರದಡಿಯ ಎತ್ತರವನ್ನು ಮಾತ್ರ ಕೇಳಿಯೇ ತಿಳಿಯಬೇಕು. ಅದನ್ನು ಹೇಳಲಾರದವರಿಂದ ಕೊಳ್ಳಬೇಡಿ.

ರಬ್ಬರ್ ಬಂಪರಿನ ಬಲೆ

ಅಮೆರಿಕದ ನಿಯಮಗಳಿಗಾಗಿ 1974ರ ಕೊನೆಯ ಭಾಗದಲ್ಲಿ ಕ್ರೋಮ್ ಬದಲು ರಬ್ಬರ್ ಬಂಪರ್ ಹಾಕಿ, ಕಾರನ್ನು ಸುಮಾರು ಒಂದೂವರೆ ಇಂಚು ಎತ್ತರಿಸಿದರು. ಮುಂದಿನ ಎತ್ತರ ಬಹುಪಾಲು ಬಂದದ್ದು ಬದಲಾದ ಕ್ರಾಸ್‌ಮೆಂಬರಿನಿಂದ. ಆದ್ದರಿಂದ ಕ್ರೋಮ್ ಬಂಪರ್ ಕಾರಿನ ಸ್ಪ್ರಿಂಗ್ ತಂದು ಹಾಕಿದ ಮಾತ್ರಕ್ಕೆ ಹಳೆಯ ಎತ್ತರ ಮರಳುವುದಿಲ್ಲ. ಕ್ರಾಸ್‌ಮೆಂಬರನ್ನೇ ಬದಲಿಸಬೇಕು, ಇಲ್ಲವೇ ಈ ಕಾರುಗಳಿಗೆಂದೇ ಸುತ್ತಿದ ಗಿಡ್ಡ ಸ್ಪ್ರಿಂಗ್ ಬೇಕು.

ಇದ್ದ ಸ್ಪ್ರಿಂಗನ್ನೇ ಕತ್ತರಿಸುವವರಿದ್ದಾರೆ. ಒಂದು ಸುತ್ತು ಹೋದರೆ 7.5 ಇದ್ದದ್ದು 6.5 ಆಗಿ ಗಟ್ಟಿತನ ಶೇ 15 ಏರುತ್ತದೆ, ಸಮತಟ್ಟಾಗಿ ಉಜ್ಜಿದ ತುದಿಯೂ ಹೋಗುತ್ತದೆ. ಗ್ಯಾಸ್ ಜ್ವಾಲೆ ಹಿಡಿದು ಕೂರಿಸುವುದು ಇನ್ನೂ ಕೆಟ್ಟದ್ದು: ಉಕ್ಕಿನ ಹದ ಕೆಟ್ಟು ಸ್ಪ್ರಿಂಗ್ ಕುಸಿಯುತ್ತಲೇ ಹೋಗುತ್ತದೆ.

ಬಿಚ್ಚುವುದು, ಕೂಡಿಸುವುದು

ನಟ್‌ಗಳು ಇಂಚಿನ ಅಳತೆಯವು. ನಮ್ಮ ಗ್ಯಾರೇಜುಗಳ ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದುಹೋಗುತ್ತವೆ; 1/2, 9/16 ಇತ್ಯಾದಿ ಇರುವ ಸೆಟ್ ಮೊದಲೇ ತರಿಸಿಕೊಳ್ಳಿ.

ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರನ್ನು ಚಾಸಿಯ ಕೆಳಗೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ತೆಗೆಯಿರಿ. ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ವಾಲು ತಡೆಯುವ ಸರಳು) ಇದ್ದರೆ ಅದರ ಲಿಂಕ್ ಬಿಚ್ಚಿ. ಟ್ರಾಲಿ ಜ್ಯಾಕನ್ನು ಸ್ಪ್ರಿಂಗ್ ತಟ್ಟೆಯ ನಡುವೆ ಇಟ್ಟು, ಡ್ಯಾಂಪರಿನ (ಸ್ಪ್ರಿಂಗಿನ ಕುಣಿತ ತಡೆಯುವ ಭಾಗ) ತೋಳು ಅದರ ರಬ್ಬರಿನಿಂದ ಬಿಡುವವರೆಗೆ ಎತ್ತಿ. ಸ್ಪ್ರಿಂಗಿನೊಳಗಿಂದ ಒಂದು ಸರಪಳಿ ತೂರಿಸಿ ಕ್ರಾಸ್‌ಮೆಂಬರಿಗೆ ಸಡಿಲವಾಗಿ ಕಟ್ಟಿ. ಜ್ಯಾಕ್ ಜಾರಿದರೆ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ. ಈಗ ಮೇಲಿನ ಟ್ರನಿಯನ್ (ಡ್ಯಾಂಪರ್ ತೋಳಿಗೆ ಹಬ್ ಸೇರುವ ಕೀಲು) ಬೋಲ್ಟ್ ತೆಗೆದು ಹಬ್ಬನ್ನು ಹೊರಗೆ ವಾಲಿಸಿ, ತಂತಿಯಿಂದ ಕಟ್ಟಿ. ಅದರ ಭಾರ ಬ್ರೇಕ್ ಹೋಸ್ ಮೇಲೆ ಬೀಳಬಾರದು. ಜ್ಯಾಕನ್ನು ಒಂದೊಂದೇ ಇಂಚು ಇಳಿಸಿ. ನಿಮ್ಮ ಮುಖ, ಕೈ ಸ್ಪ್ರಿಂಗಿನ ದಾರಿಯಲ್ಲಿ ಬೇಡ.

ಸ್ಪ್ರಿಂಗ್ ಹೊರಬಂದಾಗ ಡ್ಯಾಂಪರ್ ತೋಳನ್ನು ಮೇಲೆ ಕೆಳಗೆ ಆಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಎಂಜಿಬಿಯ ಮುಂದಿನ ಡ್ಯಾಂಪರೇ ಮೇಲಿನ ತೋಳು ಕೂಡ. ಉದ್ದಕ್ಕೂ ಒಂದೇ ಬಿಗಿ ಇರಬೇಕು. ಆರಂಭದಲ್ಲಿ ಸಡಿಲವಾಗಿ ಜಾರಿದರೆ ಎಣ್ಣೆ ಕಡಿಮೆಯಾಗಿದೆ ಅಥವಾ ಕವಾಟ ಸವೆದಿದೆ. ಅಂಥ ಡ್ಯಾಂಪರಿಗೆ 480ರ ಸ್ಪ್ರಿಂಗ್ ಕೊಟ್ಟರೆ ಕಾರು ಉಬ್ಬಿಗೆ ಉಬ್ಬಿಗೆ ಪುಟಿಯುತ್ತದೆ, ಸ್ಪ್ರಿಂಗಿಗೆ ಕೆಟ್ಟ ಹೆಸರು ಬರುತ್ತದೆ. ತಟ್ಟೆಯ ಒಳಗಿನ ತುಕ್ಕನ್ನೂ ಕೆರೆದು ನೋಡಿ. ತೂತು ಬಿದ್ದಿದ್ದರೆ ಬದಲಿಸಿ.

ಹೊಸ ಸ್ಪ್ರಿಂಗನ್ನು ಜೋಡಿಯಾಗಿಯೇ ಹಾಕಬೇಕು. ಎರಡೂ ತುದಿ ತಮ್ಮ ಕೂಟದಲ್ಲಿ ಪೂರ್ತಿ ಕೂತಿವೆಯೇ ಎಂದು ನೋಡಿ ಜ್ಯಾಕ್ ಏರಿಸಿ, ಬೋಲ್ಟ್ ಹಾಕಿ. ಸ್ಪ್ಲಿಟ್ ಪಿನ್ ಹೊಸದೇ ಇರಲಿ. ರಬ್ಬರ್ ಬುಷ್ ಇರುವ ನಟ್‌ಗಳನ್ನು ಈಗ ಕೈಬಿಗಿ ಮಾತ್ರ ಮಾಡಿ. ಕೊನೆಯ ಬಿಗಿ ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಚಕ್ರ ಜೋತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಕಾರು ಎತ್ತರ ನಿಲ್ಲುತ್ತದೆ, ಬುಷ್ಷೂ ಬೇಗ ಹರಿಯುತ್ತದೆ. ಹಿಂದಿನ ಪಟ್ಟಿಗಳ ಶ್ಯಾಕಲ್‌ಗೂ (ಪಟ್ಟಿಯ ತುದಿ ಹಿಡಿಯುವ ಕೊಂಡಿ) ಇದೇ ನಿಯಮ.

ಮೊದಲ ದಿನ ಎತ್ತರ ಹೆಚ್ಚು ಕಂಡರೆ ಗಾಬರಿ ಬೇಡ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಅಳೆದು ಮೊದಲು ಬರೆದಿಟ್ಟ ಅಳತೆಗಳೊಂದಿಗೆ ಹೋಲಿಸಿ. ಎತ್ತರ ನಿಂತ ಮೇಲಷ್ಟೇ ಅಲೈನ್‌ಮೆಂಟ್: ಟೋ-ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ಒಳಮುಖವಾಗಿರುವ ಅಳತೆ) 1/16ರಿಂದ 3/32 ಇಂಚು. ಹೆಡ್‌ಲೈಟಿನ ದಿಕ್ಕನ್ನೂ ಅದೇ ದಿನ ಸರಿಪಡಿಸಿಕೊಳ್ಳಿ.